ಅಗ್ಗದ ಆಟಿಕೆ, ಸೀಸದ ಬಣ್ಣ: ಮನೆಯಲ್ಲೂ ಅಂಗಡಿಯಲ್ಲೂ ಮಾಡಬೇಕಾದದ್ದು

ಮುಂಬೈ ಪಕ್ಕದ ಡೊಂಬಿವಲಿ ಪೂರ್ವದಲ್ಲಿ, ರೈಲಿಳಿದು ನಡೆದೇ ಬರುವಷ್ಟು ದೂರದಲ್ಲಿ, ನಮ್ಮದೊಂದು ಅಂಗಡಿ ಇದೆ. ನೋಟ್‌ಬುಕ್ಕು, ಪೆನ್ನು, ಬಣ್ಣದ ಕಾಗದ, ಹುಟ್ಟುಹಬ್ಬದ ಟೋಪಿ, ಜೊತೆಗೆ ಆಟಿಕೆ. ಅತ್ತೆ ಮಾವ ಕಾರ್ಕಳದ ಕಡೆಯಿಂದ ಬಂದು ತೆರೆದ ಅಂಗಡಿ. ಈಗ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವಳು ನಾನು. ಎಲ್ಲಿಂದಲೋ ಬಂದ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿ, "ಅಕ್ಕಾ, ಈ ಆಟಿಕೆಯ ಬಣ್ಣದಲ್ಲಿ ಸೀಸ ಇದೆಯಂತೆ, ಕಂಪನಿಯವರು ವಾಪಸ್ ಪಡೆಯುತ್ತಿದ್ದಾರಂತೆ. ನಮ್ಮ ಮನೆಯಲ್ಲಿರುವುದೂ ಇದೇ ಇರಬಹುದೇ?" ಎಂದು ಕೇಳುವ ತಾಯಂದಿರು ಆಗಾಗ ಬರುತ್ತಾರೆ. ಅಂಗಡಿಯಲ್ಲಿ ನಿಂತು ಹೇಳುವ ಉತ್ತರ ಅರ್ಧಕ್ಕೇ ನಿಲ್ಲುತ್ತದೆ, ಏಕೆಂದರೆ ಹಿಂದೆ ಇನ್ನೊಬ್ಬರು ಸ್ಕೆಚ್ ಪೆನ್ನಿಗಾಗಿ ಕಾಯುತ್ತಿರುತ್ತಾರೆ. ಪೂರ್ತಿ ಉತ್ತರವನ್ನು ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದದ್ದು ಇದು: ಮಾರುಕಟ್ಟೆಯಿಂದ ವಾಪಸ್ ಪಡೆಯುವ ವ್ಯವಸ್ಥೆ, ಅಂದರೆ ರಿಕಾಲ್, ಹೆಸರು ವಿಳಾಸ ಇರುವ ಆಟಿಕೆಗೆ ಮಾತ್ರ ಅನ್ವಯಿಸುತ್ತದೆ. ತಯಾರಕರು ಯಾರು, ಮಾದರಿ ಯಾವುದು, ಯಾವ ತಿಂಗಳಿನ ಮಾಲು ಎಂದು ಗೊತ್ತಿದ್ದರೆ ಅದನ್ನು ಹುಡುಕಿ ವಾಪಸ್ ತರಿಸಬಹುದು. ಮಸೀದ್ ಬಂದರಿನಿಂದ ಗೋಣಿಯಲ್ಲಿ ಬಂದ ಪೀಪಿ, ಲೋಕಲ್ ರೈಲಿನಲ್ಲಿ ಕೊಂಡ ಕೀಲಿಗೊಂಚಲು, ಬಾಂದ್ರಾದ ಮೌಂಟ್ ಮೇರಿ ಜಾತ್ರೆಯಲ್ಲಿ ಕೊಂಡ ಮುತ್ತಿನ ಬಣ್ಣದ ಸರ, ಹುಟ್ಟುಹಬ್ಬದ ರಿಟರ್ನ್ ಗಿಫ್ಟ್ ಪೊಟ್ಟಣದೊಳಗಿನ ಉಂಗುರ ಇವುಗಳ ಬಗ್ಗೆ ಯಾವ ಪ್ರಕಟಣೆಯೂ ಬರುವುದಿಲ್ಲ. ಪ್ರಕಟಣೆ ಬರಲಿಲ್ಲ ಎಂದರೆ ಆ ವಸ್ತು ಸುರಕ್ಷಿತ ಎಂದು ಅರ್ಥವಲ್ಲ. ಯಾರನ್ನು ಹಿಡಿದು ಕೇಳಬೇಕೆಂಬುದೇ ಯಾರಿಗೂ ಗೊತ್ತಿಲ್ಲ, ಅಷ್ಟೆ. ಇಂತಹ ಆಟಿಕೆಯನ್ನು ವಾಪಸ್ ಪಡೆಯುವ ಕೆಲಸವನ್ನು ಮನೆಯವರೂ ಅಂಗಡಿಯವರೂ ತಾವೇ ಮಾಡಬೇಕು.

ದೊಡ್ಡ ಕಂಪನಿಗಳ ಆಟಿಕೆಯೂ ಸೀಸದಿಂದ ಹೊರತಲ್ಲ. 2004ರ ಜುಲೈನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ, ನಾಣ್ಯ ಹಾಕಿದರೆ ಆಟಿಕೆ ಬೀಳುವ ಯಂತ್ರಗಳಲ್ಲಿ ಮಾರಾಟವಾಗಿದ್ದ ಮಕ್ಕಳ ಆಭರಣಗಳನ್ನು ವಾಪಸ್ ತರಿಸಿತು. ಸಂಖ್ಯೆ 15 ಕೋಟಿ. 2006ರಲ್ಲಿ ಮಿನೆಸೋಟದಲ್ಲಿ ನಾಲ್ಕು ವರ್ಷದ ಮಗುವೊಂದು ಬಳೆಯ ಪದಕವನ್ನು ನುಂಗಿ ತೀರಿಕೊಂಡಿತು. ಬೂಟು ಕೊಂಡವರಿಗೆ ಪುಕ್ಕಟೆಯಾಗಿ ಕೊಟ್ಟಿದ್ದ ಬಳೆ ಅದು. ಆ ಪದಕ ಹೆಚ್ಚುಕಡಿಮೆ ಪೂರ್ತಿ ಸೀಸವೇ ಆಗಿತ್ತು. ಅಂತಹ ಸುಮಾರು ಮೂರು ಲಕ್ಷ ಬಳೆಗಳನ್ನು ಆಮೇಲೆ ವಾಪಸ್ ಪಡೆಯಲಾಯಿತು. ಮರುವರ್ಷ, 2007ರ ಜೂನ್‌ನಲ್ಲಿ, ಸುಮಾರು 15 ಲಕ್ಷ ಮರದ ರೈಲು ಆಟಿಕೆಗಳು. ಆಗಸ್ಟ್‌ನಲ್ಲಿ ಮ್ಯಾಟೆಲ್ ಕಂಪನಿಯ ಫಿಶರ್ ಪ್ರೈಸ್ ಹೆಸರಿನ ಆಟಿಕೆಗಳು, ಅಮೆರಿಕದಲ್ಲೇ 9,67,000. ಅವನ್ನು ತಯಾರಿಸಿದ ಚೀನಾದ ಗುತ್ತಿಗೆದಾರ ಕಾರ್ಖಾನೆ ಒಪ್ಪಿಗೆಯಿಲ್ಲದ ಕಡೆಯಿಂದ ಬಣ್ಣ ತರಿಸಿತ್ತು. ಇವೆಲ್ಲದರ ಫಲವಾಗಿ 2008ರಲ್ಲಿ ಅಮೆರಿಕ ಕಾನೂನನ್ನೇ ಬದಲಿಸಿ, ಬಣ್ಣದಲ್ಲಿರಬಹುದಾದ ಸೀಸದ ಮಿತಿಯನ್ನು ಹತ್ತು ಲಕ್ಷ ಭಾಗದಲ್ಲಿ 600ರಿಂದ 90ಕ್ಕೆ ಇಳಿಸಿತು. ನಮ್ಮಲ್ಲಿ 2007ರಲ್ಲೇ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ದೆಹಲಿ, ಮುಂಬೈ, ಚೆನ್ನೈ ಮಾರುಕಟ್ಟೆಗಳಿಂದ ತಂದ ಬ್ರ್ಯಾಂಡ್ ಇಲ್ಲದ ಮೆತ್ತನೆಯ ಪ್ಲಾಸ್ಟಿಕ್ ಆಟಿಕೆಗಳ ಪರೀಕ್ಷೆ ಪ್ರಕಟವಾಗಿತ್ತು. ಅವುಗಳಲ್ಲೂ ಸೀಸ ಮತ್ತು ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹ ಸಿಕ್ಕಿದ್ದವು. ಮುಂಬೈಯಲ್ಲಿ ಮಾರುವವರೂ ಕೊಳ್ಳುವವರೂ ಆಗಿರುವ ನಮಗೆ ಇದು ಬೇರೆ ಯಾರದೋ ದೇಶದ ಕಥೆಯಲ್ಲ.

ಬಣ್ಣಕ್ಕೆ ಸೀಸ ಹಾಕುವುದು ಲಾಭಕ್ಕಾಗಿ. ಸೀಸದ ಕ್ರೋಮೇಟ್ ಒಳ್ಳೆಯ ಅಚ್ಚ ಹಳದಿ, ಕಿತ್ತಳೆ ಬಣ್ಣ ಕೊಡುತ್ತದೆ, ಬೇರೆ ಬಣ್ಣಗಳೊಂದಿಗೆ ಬೆರೆಸಿದರೆ ಕೆಂಪು, ಹಸಿರೂ ಬರುತ್ತವೆ. ಸೀಸದ ಬೇರೆ ಸಂಯುಕ್ತಗಳು ಬಣ್ಣ ಬೇಗ ಒಣಗಲು ನೆರವಾಗುತ್ತವೆ. ಖರ್ಚು ಕಡಿಮೆ, ಹೊಳಪು ಹೆಚ್ಚು. ಹಳೆಯ ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ಕಿನಲ್ಲಿ ಸೀಸ ಬಣ್ಣದಲ್ಲಲ್ಲ, ಪ್ಲಾಸ್ಟಿಕ್ಕಿನೊಳಗೇ ಸೇರಿರುತ್ತದೆ. ಅಗ್ಗದ ಆಭರಣದಲ್ಲಿ ಲೋಹದಲ್ಲೇ ಇರುತ್ತದೆ.

ಮನೆಯಲ್ಲಿ ಯಾವುದನ್ನು ಬೇರೆ ತೆಗೆದಿಡಬೇಕು

ಆಟಿಕೆಯ ಡಬ್ಬವನ್ನು ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ ಸುರಿಯಿರಿ. ಮಗು ಶಾಲೆಗೆ ಹೋಗಿರುವ ಅಥವಾ ಮಲಗಿರುವ ಹೊತ್ತಿನಲ್ಲಿ ಮಾಡಿ, ಇಲ್ಲವಾದರೆ ನೀವು ತೆಗೆದಿಟ್ಟದ್ದೆಲ್ಲ ಅದಕ್ಕೆ ಆ ಕ್ಷಣದಿಂದಲೇ ಪ್ರಿಯವಾಗುತ್ತದೆ.

ಕಣ್ಣಿಗೆ ಸೀಸ ಕಾಣುವುದಿಲ್ಲ, ಮೂಗಿಗೆ ವಾಸನೆ ಬರುವುದಿಲ್ಲ. ಬಣ್ಣ ನೋಡಿ "ಇದರಲ್ಲಿ ಇದೆ" ಎನ್ನುವವರನ್ನು ನಂಬಬೇಡಿ, "ಇದರಲ್ಲಿ ಇಲ್ಲ" ಎನ್ನುವವರನ್ನಂತೂ ಖಂಡಿತ ನಂಬಬೇಡಿ. ನಾವು ನೋಡಬೇಕಾದದ್ದು ಅನುಮಾನಕ್ಕೆ ಕಾರಣವಿದೆಯೇ ಎಂಬುದನ್ನು. ಮೇಲ್ಮೈಗೆ ಬಣ್ಣ ಬಳಿದ, ಆ ಬಣ್ಣ ಚಕ್ಕೆಯಾಗಿ ಏಳುತ್ತಿರುವ ಅಥವಾ ಉಜ್ಜಿದಾಗ ಪುಡಿ ಬಿಡುವ ಮರದ ಮತ್ತು ತಗಡಿನ ಆಟಿಕೆಗಳು ಮೊದಲು. ಗಾತ್ರಕ್ಕೆ ಮೀರಿ ಭಾರವಾಗಿರುವ ಲೋಹದ ಪದಕ, ಉಂಗುರ, ಬಳೆ, ಕೀಲಿಗೊಂಚಲಿನ ಗೊಂಬೆಗಳು ಆಮೇಲೆ. ಈ ಎರಡನೆಯ ಗುಂಪನ್ನು ನಾನು ಮಕ್ಕಳ ಕೈಗೆ ಕೊಡಲೇಬಾರದು ಎನ್ನುತ್ತೇನೆ, ಏಕೆಂದರೆ ಬಣ್ಣದ ಚೂರು ನುಂಗುವುದಕ್ಕಿಂತ ಸೀಸದ ಪದಕವನ್ನೇ ನುಂಗುವುದು ಎಷ್ಟೋ ಪಾಲು ಹೆಚ್ಚು ಅಪಾಯ. ಹೊಟ್ಟೆಯ ಆಮ್ಲದಲ್ಲಿ ಅದು ಕರಗುತ್ತಲೇ ಇರುತ್ತದೆ. ಮೂರನೆಯದು ಹಳತಾಗಿ ಅಂಟಂಟಾದ ಮೆತ್ತನೆಯ ಪ್ಲಾಸ್ಟಿಕ್ ಗೊಂಬೆಗಳು. ನಾಲ್ಕನೆಯದು 2021ಕ್ಕೆ ಮೊದಲು ಕೊಂಡ, ಅಣ್ಣನಿಂದ ತಮ್ಮನಿಗೆ, ಅಕ್ಕನ ಮನೆಯಿಂದ ನಿಮ್ಮ ಮನೆಗೆ ಬಂದ, ಡಬ್ಬವಿಲ್ಲದ, ಹೆಸರಿಲ್ಲದ ಎಲ್ಲವೂ.

ಬಾಯಿಗೆ ಹೋಗುವ ಆಟಿಕೆಗಳಿಗೆ ಇನ್ನೂ ಕಟ್ಟುನಿಟ್ಟು ಬೇಕು. ಪೀಪಿ, ಸೀಟಿ, ಗಿಲಕಿ, ಮಕ್ಕಳು "ಚಹಾ" ಕುಡಿಯುವ ಅಡುಗೆ ಆಟದ ಪುಟ್ಟ ಲೋಟ, ಇಲ್ಲಿನವರು ಭಾತುಕಲಿ ಎನ್ನುವ ಇಡೀ ಪಾತ್ರೆಯ ಸೆಟ್ಟು. ಇವುಗಳಲ್ಲಿ ತಯಾರಕರ ಹೆಸರಿಲ್ಲದ ಬಣ್ಣ ಬಳಿದ ವಸ್ತು ಇದ್ದರೆ ಯೋಚಿಸುವುದೇ ಬೇಡ, ತೆಗೆದುಬಿಡಿ.

ಒಂದು ಮಾತು ದಸರೆಯ ಬೊಂಬೆಗಳ ಬಗ್ಗೆ. ಇಲ್ಲಿನ ಕನ್ನಡದ ಮನೆಗಳಲ್ಲಿ ಅಜ್ಜಿಯ ಕಾಲದ ಬಣ್ಣದ ಬೊಂಬೆಗಳನ್ನು ಪ್ರೀತಿಯಿಂದ ಕಾಪಾಡಿಕೊಂಡು ಬಂದಿದ್ದಾರೆ, ಅದು ನಿಲ್ಲಬಾರದು. ಆದರೆ ಆ ಕಾಲದ ಬಣ್ಣಕ್ಕೆ ಯಾವ ಮಿತಿಯೂ ಇರಲಿಲ್ಲ. ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಬೊಂಬೆಗಳನ್ನು ಮೇಲಿನ ಮೆಟ್ಟಿಲುಗಳಲ್ಲಿ ಇಡಿ, ಪುಟ್ಟ ಮಕ್ಕಳ ಕೈಗೆ ಎಟುಕುವ ಕೆಳಗಿನ ಮೆಟ್ಟಿಲಿಗೆ ಹೊಸದಾಗಿ ತಂದ ಬಣ್ಣವಿಲ್ಲದ ಮಣ್ಣಿನದನ್ನೋ ಬಟ್ಟೆಯದನ್ನೋ ಇಡಿ, ಎತ್ತಿಡುವಾಗ ಒದ್ದೆ ಬಟ್ಟೆಯಲ್ಲಿ ಒರೆಸಿ ಕೈ ತೊಳೆದುಕೊಳ್ಳಿ. ಇಷ್ಟು ಸಾಕು.

ಗುರುತು ಓದುವ ಬಗೆ

2021ರ ಜನವರಿ 1ರಿಂದ ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಇಲ್ಲಿ ಮಾಡಿದ್ದಕ್ಕೂ ಹೊರದೇಶದಿಂದ ತಂದದ್ದಕ್ಕೂ ಒಂದೇ ನಿಯಮ. ವಿದೇಶಿ ಕಾರ್ಖಾನೆಯೂ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಪರವಾನಗಿ ಪಡೆದಿರಬೇಕು. ಗುರುತಿನ ಮೇಲ್ಗಡೆ ಐಎಸ್ 9873 ಎಂದಿರುತ್ತದೆ, ವಿದ್ಯುತ್ ಅಥವಾ ಬ್ಯಾಟರಿಯಿಂದ ನಡೆಯುವ ಆಟಿಕೆಯಾದರೆ ಐಎಸ್ 15644. ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ.

ಬಹಳ ಜನ ಐಎಸ್‌ಐ ಚಿತ್ರ ಕಂಡ ಕೂಡಲೇ ತೃಪ್ತರಾಗುತ್ತಾರೆ. ಚಿತ್ರವನ್ನು ಯಾರೂ ಮುದ್ರಿಸಬಹುದು. ಕೆಳಗಿನ ಸಂಖ್ಯೆಯೇ ಅದರ ಜೀವ. ಮೊಬೈಲಿನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು, ಪರವಾನಗಿ ಪರಿಶೀಲಿಸುವ ಭಾಗದಲ್ಲಿ ಆ ಸಂಖ್ಯೆಯನ್ನು ಟೈಪ್ ಮಾಡಿ. ಕಂಪನಿಯ ಹೆಸರು, ವಿಳಾಸ, ಯಾವ ಮಾನಕಕ್ಕೆ ಪರವಾನಗಿ, ಅದು ಈಗ ಚಾಲ್ತಿಯಲ್ಲಿದೆಯೇ ಎಲ್ಲವೂ ತೆರೆಯುತ್ತದೆ. ಡಬ್ಬದ ಮೇಲಿನ ಹೆಸರಿಗೂ ಅಲ್ಲಿ ಬಂದ ಹೆಸರಿಗೂ ತಾಳೆಯಾಗಬೇಕು. ಸಂಖ್ಯೆ ಪ್ರೆಷರ್ ಕುಕ್ಕರ್ ಕಂಪನಿಯದ್ದಾಗಿದ್ದರೆ ಅಥವಾ ಏನೂ ತೆರೆಯದಿದ್ದರೆ ಆ ಗುರುತಿಗೆ ಬೆಲೆಯಿಲ್ಲ. ಅಂಗಡಿಯಲ್ಲಿ ನಿಂತೇ ಇದನ್ನು ಮಾಡಿ. ಮುಜುಗರ ಪಡಬೇಡಿ, ಒಳ್ಳೆಯ ಅಂಗಡಿಯವರು ಇದಕ್ಕೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅದೂ ಒಂದು ಉತ್ತರವೇ.

ಸಿಇ ಎಂಬ ಎರಡು ಅಕ್ಷರಗಳನ್ನು ತೋರಿಸಿ "ಇಂಟರ್‌ನ್ಯಾಷನಲ್ ಮಾಲು" ಎನ್ನುವವರಿದ್ದಾರೆ. ಅದು ಯುರೋಪಿನ ಮಾರುಕಟ್ಟೆಗಾಗಿ ಇರುವ ಗುರುತು, ತಯಾರಕರೇ ಹಾಕಿಕೊಳ್ಳುವಂಥದ್ದು. ನಮ್ಮ ಕಾನೂನಿಗೆ ಅದು ಸಾಲದು. "ವಿಷರಹಿತ" ಎಂಬ ಚೀಟಿಯೂ ಅಷ್ಟೇ, ಹಿಂದೆ ಹೆಸರು ಸಂಖ್ಯೆ ಇಲ್ಲದಿದ್ದರೆ ಬರೀ ಮಾತು.

ಚನ್ನಪಟ್ಟಣದ ಗೊಂಬೆಗಳ ಬಗ್ಗೆ ಕೇಳುವವರಿಗೆ: ಇಂಥ ಊರಿನದೇ ಎಂಬ ಮಾನ್ಯತೆ, ಅಂದರೆ ಭೌಗೋಳಿಕ ಸೂಚಕ ಪಡೆದ, ನೋಂದಾಯಿತ ಕುಶಲಕರ್ಮಿಗಳು ಮಾಡಿದ ಆಟಿಕೆಗಳಿಗೆ ಐಎಸ್‌ಐ ಕಡ್ಡಾಯದಿಂದ ವಿನಾಯಿತಿ ಇದೆ. ಹಾಗಾಗಿ ಅವುಗಳ ಮೇಲೆ ಗುರುತಿಲ್ಲದಿದ್ದರೆ ಗಾಬರಿ ಬೇಡ. ಅಸಲು ಚನ್ನಪಟ್ಟಣದ ಕೆಲಸದಲ್ಲಿ ಮರವನ್ನು ಕಡೆಯುವ ಯಂತ್ರದ (ಲೇತ್) ಮೇಲೆ ತಿರುಗಿಸುತ್ತಾ ಅರಗನ್ನು ಒತ್ತಿ ಬಣ್ಣ ಕೂರಿಸುತ್ತಾರೆ, ಬ್ರಷ್ಷಿನಲ್ಲಿ ಬಳಿಯುವುದಿಲ್ಲ. ಅದೇ ಆಕಾರದ ಗೊಂಬೆಗೆ ಎನಾಮಲ್ ಬಳಿದು ಅದೇ ಹೆಸರಿನಲ್ಲಿ ಮಾರುವುದೂ ಉಂಟು. ಬ್ರಷ್ಷಿನ ಗೆರೆ, ಬಣ್ಣ ಇಳಿದು ನಿಂತ ಹನಿ ಕಂಡರೆ ಅದು ಅರಗಿನ ಕೆಲಸವಲ್ಲ. ಯಾರು ಮಾಡಿದ್ದು, ಯಾವ ಬಣ್ಣ ಎಂದು ಕೇಳಿ ಕೊಳ್ಳಿ. ಗೋವೆಯ ದಾರಿಯಲ್ಲಿ ಸಾವಂತವಾಡಿಯ ಮರದ ಹಣ್ಣು ತರಕಾರಿಗಳನ್ನು ಕೊಳ್ಳುವವರೂ ಇದನ್ನೇ ಕೇಳಲಿ. ಅವು ನೋಡಲು ಚೆಂದ, ಷೋಕೇಸಿನಲ್ಲಿ ಇಡಲು ಇನ್ನೂ ಚೆಂದ.

ವಾಪಸಾತಿಯ ಪ್ರಕಟಣೆ ಓದುವುದು

ಅಮೆರಿಕದಲ್ಲೋ ಲಂಡನ್ನಿನಲ್ಲೋ ಇರುವ ಮಕ್ಕಳು, ನಾದಿನಿಯರು ಮೊಮ್ಮಕ್ಕಳಿಗೆಂದು ಆಟಿಕೆ ತರುತ್ತಾರೆ. ಅವುಗಳ ಮೇಲೆ ನಮ್ಮ ಗುರುತು ಇರುವುದಿಲ್ಲ, ಆದರೆ ಹೆಸರಿರುತ್ತದೆ. ಹೆಸರಿದ್ದರೆ ಹುಡುಕಬಹುದು. ಅಮೆರಿಕದ ಸುರಕ್ಷತಾ ಆಯೋಗದ ಜಾಲತಾಣದಲ್ಲಿ ವಾಪಸ್ ಪಡೆದ ವಸ್ತುಗಳ ಪಟ್ಟಿ ಇದೆ. ಯುರೋಪಿನದಕ್ಕೆ ಸೇಫ್ಟಿ ಗೇಟ್ ಎಂದು ಹೆಸರು. ಹಲವು ದೇಶಗಳ ಪಟ್ಟಿಯನ್ನು ಒಟ್ಟಿಗೆ ಹುಡುಕಲು ಒಇಸಿಡಿ ಸಂಸ್ಥೆ ಒಂದು ಪುಟ ನಡೆಸುತ್ತದೆ. ಕಂಪನಿಯ ಹೆಸರನ್ನೂ ಆಟಿಕೆಯ ವರ್ಣನೆಯನ್ನೂ ಕೊಟ್ಟು ಹುಡುಕಿ.

ಪ್ರಕಟಣೆ ಸಿಕ್ಕರೆ ಚಿತ್ರವನ್ನಷ್ಟೇ ನೋಡಿ ತೀರ್ಮಾನಿಸಬೇಡಿ. ಒಂದೇ ಅಚ್ಚಿನ ಆಟಿಕೆಯಲ್ಲಿ ಕೆಂಪಿನದು ಮಾತ್ರ ವಾಪಸಾಗಿರಬಹುದು, ಇಂತಿಷ್ಟು ತಿಂಗಳು ಮಾರಿದ್ದು ಮಾತ್ರ ಆಗಿರಬಹುದು. ಮಾದರಿ ಸಂಖ್ಯೆ, ಬ್ಯಾಚ್, ತಯಾರಾದ ದಿನಾಂಕದ ಸಂಕೇತ ಇವನ್ನು ಒಂದೊಂದಾಗಿ ತಾಳೆ ನೋಡಿ. 2008ರ ಕಾನೂನಿನ ನಂತರ ಅಮೆರಿಕದಲ್ಲಿ ಮಾರುವ ಮಕ್ಕಳ ವಸ್ತುಗಳ ಮೇಲೆ ಮೂಲ ಪತ್ತೆಹಚ್ಚುವ ಚೀಟಿ ಅಥವಾ ಅಚ್ಚು ಕಡ್ಡಾಯ. ಅದು ಸಾಮಾನ್ಯವಾಗಿ ತಳದಲ್ಲಿ, ಬ್ಯಾಟರಿ ಮುಚ್ಚಳದ ಒಳಗೆ, ಬಟ್ಟೆಯ ಗೊಂಬೆಯಾದರೆ ಹೊಲಿಗೆಯ ಸಂದಿಯಲ್ಲಿ ಇರುತ್ತದೆ. ಕನ್ನಡಕ ಹಾಕಿಕೊಂಡೂ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಕೊನೆಗೆ ಪರಿಹಾರ ಏನೆಂದು ಓದಿ: ಹಣ ವಾಪಸೇ, ಬದಲಿ ವಸ್ತುವೇ, ದುರಸ್ತಿಯೇ. ಹಣ ಬಹುಮಟ್ಟಿಗೆ ಕೊಂಡ ದೇಶದಲ್ಲೇ ಸಿಗುತ್ತದೆ, ಆದ್ದರಿಂದ ತಂದುಕೊಟ್ಟವರಿಗೆ ಫೋಟೊ ಕಳಿಸಿ ಅವರಿಂದಲೇ ಅರ್ಜಿ ಹಾಕಿಸಿ.

ಇಲ್ಲೊಂದು ಗೊಂದಲ ಬರುತ್ತದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಮೆರಿಕದ 90 ಮತ್ತು ನಮ್ಮ ಆಟಿಕೆ ಮಾನಕದ 90 ಒಂದೇ ಸಂಖ್ಯೆಯಾದರೂ ಒಂದೇ ಪರೀಕ್ಷೆಯಲ್ಲ. ಅಲ್ಲಿ ಒಣಗಿದ ಬಣ್ಣದಲ್ಲಿ ಒಟ್ಟು ಎಷ್ಟು ಸೀಸ ಇದೆ ಎಂದು ಅಳೆಯುತ್ತಾರೆ. ನಮ್ಮ ಐಎಸ್ 9873ರ ಮೂರನೆಯ ಭಾಗದಲ್ಲಿ, ಕೆರೆದು ತೆಗೆದ ಬಣ್ಣವನ್ನು ಜಠರದ ರಸವನ್ನು ಹೋಲುವ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ದೇಹದ ಉಷ್ಣತೆಯಲ್ಲಿ ಎರಡು ಗಂಟೆ ಇಟ್ಟು, ಅದರಿಂದ ಎಷ್ಟು ಸೀಸ ಕರಗಿ ಹೊರಬಂತು ಎಂದು ಅಳೆಯುತ್ತಾರೆ. ಒಂದು ಕಿಲೋ ಬಣ್ಣಕ್ಕೆ 90 ಮಿಲಿಗ್ರಾಂ ಮೀರಬಾರದು. ಬಣ್ಣದಲ್ಲಿ ಸೀಸ ಹೆಚ್ಚಿದ್ದೂ ಅದು ಆ ಎರಡು ಗಂಟೆಯಲ್ಲಿ ಕಡಿಮೆ ಕರಗುವ ಬಗೆಯದ್ದಾಗಿದ್ದರೆ ಇಲ್ಲಿ ತೇರ್ಗಡೆಯಾಗಿ ಅಲ್ಲಿ ಅನುತ್ತೀರ್ಣವಾಗಬಹುದು. ಆದ್ದರಿಂದ ಅಮೆರಿಕದಲ್ಲಿ ವಾಪಸಾದ ಆಟಿಕೆಯನ್ನು ಹಿಡಿದು "ಇಲ್ಲಿ ಇದಕ್ಕೆ ತೊಂದರೆ ಇಲ್ಲ" ಎಂದು ಯಾರಾದರೂ ಹೇಳಿದರೆ, ಒಪ್ಪಬೇಡಿ. ಎರಡರಲ್ಲಿ ಬಿಗಿಯಾದ ಅಳತೆಯನ್ನೇ ಮಗುವಿನ ಪರವಾಗಿ ಹಿಡಿಯಬೇಕು. ಸೀಸಕ್ಕೆ ಇಷ್ಟಾದರೆ ಅಪಾಯವಿಲ್ಲ ಎಂಬ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮನೆಯಲ್ಲೇ ಉಜ್ಜಿ ನೋಡುವ ಪರೀಕ್ಷಾ ಕಡ್ಡಿಗಳು ಆನ್‌ಲೈನಿನಲ್ಲಿ ಸಿಗುತ್ತವೆ. 2007ರಲ್ಲಿ ಅಮೆರಿಕದ ಆಯೋಗ ಅಂಥವನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಬಾರಿ ಇದ್ದ ಸೀಸವನ್ನು ಅವು ಇಲ್ಲವೆಂದು ತೋರಿಸಿದ್ದವು. ಆ ದುಡ್ಡಿಗೆ ಒಳ್ಳೆಯ ಆಟಿಕೆಯೊಂದನ್ನು ಕೊಳ್ಳಿ.

ಅನುಮಾನದ ಆಟಿಕೆ ಕೈಯಲ್ಲಿದ್ದಾಗ

ಮಗುವಿನ ಕೈಯಿಂದ ಆಗಲೇ ತೆಗೆಯಿರಿ. ನಾಲ್ಕು ಕಡೆಯಿಂದ ಫೋಟೊ, ತಳದ ಬರಹದ ಫೋಟೊ, ಡಬ್ಬವಿದ್ದರೆ ಅದರದ್ದೂ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಯಾವಾಗ ಎಲ್ಲಿ ಕೊಂಡದ್ದು ಎಂದು ಚೀಟಿ ಬರೆದು, ಮಕ್ಕಳಿಗೆ ಎಟುಕದ ಅಟ್ಟದ ಮೇಲೆ ಇಡಿ. ದೂರು ಅಥವಾ ಹಣ ವಾಪಸಿನ ವಿಷಯ ಮುಗಿಯುವವರೆಗೆ ಎಸೆಯಬೇಡಿ.

ಆಟಿಕೆಯ ಬಣ್ಣ ಕೆರೆಯಬೇಡಿ, ಮರಳು ಕಾಗದದಲ್ಲಿ ಉಜ್ಜಬೇಡಿ, ಮೇಲೆ ಹೊಸ ಬಣ್ಣ ಬಳಿಯಬೇಡಿ. ಚಕ್ಕೆಯಲ್ಲಿದ್ದ ಸೀಸವನ್ನು ಪುಡಿ ಮಾಡಿ ಮನೆ ತುಂಬ ಹರಡಿದಂತಾಗುತ್ತದೆ. ಆಡುತ್ತಿದ್ದ ಜಾಗವನ್ನು ಒಣ ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಬಿಸಾಡಿ. ಅದೇ ಡಬ್ಬದಲ್ಲಿದ್ದ ಬೇರೆ ಆಟಿಕೆಗಳನ್ನು ಸೋಪಿನ ನೀರಿನಲ್ಲಿ ತೊಳೆಯಿರಿ.

ಸುಡಬೇಡಿ. ಹೋಳಿ ಹತ್ತಿರ ಬಂತೆಂದರೆ ನಮ್ಮ ಸೊಸೈಟಿಗಳ ಹುಡುಗರು ಹಳೆಯ ಮರದ ಸಾಮಾನು ಕೇಳಿಕೊಂಡು ಮನೆ ಮನೆಗೆ ಬರುತ್ತಾರೆ, ಮುರಿದ ಮರದ ಕುದುರೆ, ಬಣ್ಣದ ತೊಟ್ಟಿಲು ಬೆಂಕಿಗೆ ಹೋಗುತ್ತವೆ. ಊರಿಗೆ ಹೋದಾಗ ಬಚ್ಚಲ ಒಲೆಗೆ ಹಾಕುವುದೂ ಉಂಟು. ಸೀಸದ ಬಣ್ಣ ಸುಟ್ಟರೆ ಹೊಗೆಯಲ್ಲಿ ಉಸಿರಿಗೆ, ಬೂದಿಯಲ್ಲಿ ಅಂಗಳಕ್ಕೆ ಬರುತ್ತದೆ. ಆ ಬೂದಿಯಲ್ಲಿ ಪಾತ್ರೆ ತಿಕ್ಕುವವರಿದ್ದಾರೆ.

ಕೊನೆಯದಾಗಿ, ಇದು ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಡುವ ವಿಷಯ: ಇನ್ನೊಬ್ಬರ ಮಗುವಿಗೆ ಕೊಡಬೇಡಿ. ಮನೆಗೆಲಸಕ್ಕೆ ಬರುವವರ ಮಗಳಿಗೆ, ವಾಚ್‌ಮನ್ನಿನ ಮೊಮ್ಮಗನಿಗೆ, ಬಾಲವಾಡಿಗೆ, ಅನಾಥಾಶ್ರಮಕ್ಕೆ "ಚೆನ್ನಾಗಿಯೇ ಇದೆ, ಎಸೆಯಲು ಮನಸ್ಸಾಗಲಿಲ್ಲ" ಎಂದು ಕೊಡುವುದನ್ನು ನೋಡಿದ್ದೇನೆ. ನಮ್ಮ ಮಗುವಿಗೆ ಬೇಡವಾದ ವಿಷ ಆ ಮಗುವಿಗೂ ವಿಷವೇ. ಮೇಲಾಗಿ, ಹೊಟ್ಟೆಗೆ ಸರಿಯಾಗಿ ಸಿಗದ, ಕಬ್ಬಿಣ ಮತ್ತು ಸುಣ್ಣದ ಅಂಶ ಕಡಿಮೆಯಿರುವ ಮಕ್ಕಳ ದೇಹ ಸೀಸವನ್ನು ಇನ್ನೂ ಹೆಚ್ಚು ಹೀರಿಕೊಳ್ಳುತ್ತದೆ. ಬಿಸಾಡುವಾಗ ಮುರಿದು ಬಳಸಲಾಗದಂತೆ ಚೀಲದೊಳಗೇ ಕಟ್ಟಿ, ಹಳೆಯ ಬಣ್ಣದ ಡಬ್ಬ, ಬ್ಯಾಟರಿ, ಬಲ್ಬುಗಳೊಂದಿಗೆ ಅಪಾಯಕಾರಿ ಮನೆಕಸವೆಂದು ಹೇಳಿ ಪಾಲಿಕೆಯವರ ಕೈಗೆ ಬೇರೆಯಾಗಿ ಕೊಡಿ.

ಮಗುವಿನ ಬಗ್ಗೆ

ಮಗು ಬಣ್ಣದ ಆಟಿಕೆಯನ್ನು ಕಚ್ಚುವ ಅಭ್ಯಾಸದ್ದಾಗಿದ್ದರೆ, ಮಣ್ಣು ಸುಣ್ಣ ತಿನ್ನುವ ಚಟವಿದ್ದರೆ, ಮಕ್ಕಳ ವೈದ್ಯರಿಗೆ ಹೇಳಿ ರಕ್ತದಲ್ಲಿ ಸೀಸದ ಪರೀಕ್ಷೆ ಬೇಕೇ ಎಂದು ಕೇಳಿ. ದೊಡ್ಡ ಪ್ರಯೋಗಾಲಯಗಳಲ್ಲಿ ಅದು ಆಗುತ್ತದೆ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಚರ್ಮದ ಮೇಲಿನ ಧೂಳೂ ಸೇರಿ ಸಂಖ್ಯೆ ಹೆಚ್ಚು ಬರಬಹುದು, ರಕ್ತನಾಳದಿಂದ ತೆಗೆದದ್ದು ನಂಬಿಕಸ್ಥ. ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ತಲುಪಿದರೆ ಗಮನ ಕೊಡಬೇಕು ಎನ್ನುವುದು 2021ರಿಂದ ಅಮೆರಿಕದ ಅಳತೆ; 5 ತಲುಪಿದರೆ ಮೂಲವನ್ನು ಹುಡುಕಿ ತೆಗೆಯಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಸೀಸವನ್ನು ಹೊರಹಾಕುವ ಔಷಧ ಕೊಡುವುದು ಸಾಮಾನ್ಯವಾಗಿ 45 ತಲುಪಿದ ಮೇಲೆ, ಅದೂ ಆಸ್ಪತ್ರೆಯ ನಿಗಾದಲ್ಲಿ. ಅದಕ್ಕಿಂತ ಕೆಳಗಿನವರಿಗೆ ಮೂಲವನ್ನು ತೆಗೆಯುವುದೇ ಚಿಕಿತ್ಸೆ.

ಲಕ್ಷಣಕ್ಕಾಗಿ ಕಾಯಬೇಡಿ. ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ ಕಾಣಿಸುವ ಹೊತ್ತಿಗೆ ಬಹಳ ಸೀಸ ಒಳಗೆ ಹೋಗಿರುತ್ತದೆ. ಕಲಿಕೆ ಮತ್ತು ಏಕಾಗ್ರತೆಗೆ ಆಗುವ ಪೆಟ್ಟು ಹೊರಗೆ ಕಾಣುವುದೇ ಇಲ್ಲ. ಬಾಯಿಗೆ ಹೋದ ಸೀಸವನ್ನು ಪುಟ್ಟ ಮಕ್ಕಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತಾರೆ. ರಾಗಿ, ಹಾಲು, ಹರಿವೆ, ಬೇಳೆ, ಜೊತೆಗೊಂದು ನಿಂಬೆಯೋ ಕಿತ್ತಳೆಯೋ ದಿನದ ಊಟದಲ್ಲಿರಲಿ, ಊಟಕ್ಕೆ ಮುಂಚೆ ಸೋಪಿನಲ್ಲಿ ಕೈ ತೊಳೆಯುವುದು ತಪ್ಪದಿರಲಿ. ಪದಕ ಅಥವಾ ಉಂಗುರ ನುಂಗಿದ್ದರೆ ಮನೆಮದ್ದು ಬೇಡ, ನೇರ ಆಸ್ಪತ್ರೆಗೆ, ಅಂಥದ್ದೇ ಇನ್ನೊಂದು ಮನೆಯಲ್ಲಿದ್ದರೆ ಅದನ್ನು ಕೈಯಲ್ಲಿ ಹಿಡಿದುಕೊಂಡು. ಪರೀಕ್ಷೆಯಲ್ಲಿ ಸೀಸ ಹೆಚ್ಚು ಬಂದು ಆಟಿಕೆ ಕಾರಣವಲ್ಲ ಎಂದಾದರೆ ಬಿಡಿಯಾಗಿ ತಂದ ಅರಿಶಿನ ಪುಡಿ, ಕಣ್ಣಿಗೆ ಹಚ್ಚುವ ಸುರ್ಮಾ, ಹಣೆಯ ಸಿಂಧೂರ, ಕೆಲವು ಭಸ್ಮದ ಔಷಧಗಳನ್ನೂ ವೈದ್ಯರಿಗೆ ಹೇಳಿ.

ನನ್ನಂತಹ ಅಂಗಡಿಯವರಿಗೆ

ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಡಜನ್ ಲೆಕ್ಕದಲ್ಲಿ ಮಾಲು ಎತ್ತುವಾಗ ಕಚ್ಚಾ ಬಿಲ್ಲಿನ ಆಸೆ ಎಲ್ಲರಿಗೂ ಇರುತ್ತದೆ, ನಾಲ್ಕು ರೂಪಾಯಿ ಉಳಿಯುತ್ತದೆ. ಆ ನಾಲ್ಕು ರೂಪಾಯಿ ಎಲ್ಲಿಗೆ ಮುಟ್ಟುತ್ತದೆ ನೋಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೆಯ ಕಲಮಿನ ಪ್ರಕಾರ, ತಯಾರಕರು ಯಾರೆಂದು ಗೊತ್ತಿಲ್ಲದ ವಸ್ತುವನ್ನು ಮಾರಿ ಅದರಿಂದ ಹಾನಿಯಾದರೆ ಹೊಣೆ ಮಾರಿದವರ ಮೇಲೆಯೇ ಬರುತ್ತದೆ. ಹೆಸರಿಲ್ಲದ ಗೊಂಬೆಯನ್ನು ಮಾರಿದ ಕ್ಷಣ ಅದರ ಹೆಸರು ನಮ್ಮ ಅಂಗಡಿಯ ಹೆಸರೇ. ಇನ್ನು ಐಎಸ್‌ಐ ಗುರುತಿಲ್ಲದ ಆಟಿಕೆ ಮಾರಿದರೆ 2016ರ ಮಾನಕ ಬ್ಯೂರೋ ಕಾಯ್ದೆ ಇಟ್ಟಿರುವ ದಂಡ ಮೊದಲ ಸಲಕ್ಕೇ ಕನಿಷ್ಠ 2 ಲಕ್ಷ ರೂಪಾಯಿ. ಜೈಲು ಶಿಕ್ಷೆಯೂ ಅದರಲ್ಲಿದೆ. ಸಗಟು ವ್ಯಾಪಾರಿಗೆ ಇದನ್ನು ಹೇಳಿ ಪಕ್ಕಾ ಬಿಲ್ ಕೇಳಿ. ಬಿಲ್ಲಿನಲ್ಲಿ "ಟಾಯ್ಸ್" ಎಂದಷ್ಟೇ ಬರೆದರೆ ಸಾಲದು, ಕಂಪನಿ ಮತ್ತು ಮಾದರಿ ಬರೆಸಿ. ನಾನು ಪ್ರತಿ ಮಾಲಿನ ಒಂದು ಖಾಲಿ ಡಬ್ಬವನ್ನು ಬಿಲ್ಲಿನ ಜೊತೆ ಎತ್ತಿಡುತ್ತೇನೆ.

ವಾಪಸಾತಿಯ ಸುದ್ದಿ ಬಂದರೆ ಅದೇ ದಿನ ಮಾಲನ್ನು ಷೆಲ್ಫಿನಿಂದ ಇಳಿಸಿ ಒಂದು ಪೆಟ್ಟಿಗೆಗೆ ಹಾಕಿ "ಮಾರಾಟಕ್ಕಲ್ಲ" ಎಂದು ಬರೆದು ಬಿಗಿಯಾಗಿ ಅಂಟಿಸಿ, ಇಲ್ಲವಾದರೆ ಸಂಜೆಯ ಗದ್ದಲದಲ್ಲಿ ಕೆಲಸದ ಹುಡುಗ ಅದನ್ನೇ ತೆಗೆದು ಕೊಡುತ್ತಾನೆ. ಬಾಗಿಲಲ್ಲಿ ಮರಾಠಿ, ಕನ್ನಡ, ಹಿಂದಿಯಲ್ಲಿ ಫೋಟೊ ಸಹಿತ ಚೀಟಿ ಅಂಟಿಸಿ. ಗೊತ್ತಿರುವ ಗಿರಾಕಿಗಳಿಗೆ ವಾಟ್ಸ್‌ಆ್ಯಪ್ ಮಾಡಿ. ಬಿಲ್ ಕಳೆದುಕೊಂಡು ಬಂದವರಿಗೂ ಹಣ ಕೊಡಿ. ಪುಟ್ಟ ಆಟಿಕೆಯ ಬೆಲೆ ಎಷ್ಟು ದೊಡ್ಡದು? ರಿಟರ್ನ್ ಗಿಫ್ಟಿಗೆ ಮೂವತ್ತು ರೂಪಾಯಿಯೊಳಗೆ ಏನಾದರೂ ಕೊಡಿ ಎಂದು ಕೇಳಿದವರಿಗೆ ಈಗ ನಾನು ಬಣ್ಣದ ಪೆನ್ಸಿಲ್, ಕಥೆಯ ಪುಟ್ಟ ಪುಸ್ತಕ, ಕಾಗದದ ಗಾಳಿಪಟ ತೋರಿಸುತ್ತೇನೆ. ಮಕ್ಕಳಿಗೆ ಉಂಗುರ ಮಾರುವುದನ್ನು ನಿಲ್ಲಿಸಿದ್ದೇನೆ.

ದೂರು ಕೊಡುವುದು

ಗುರುತಿಲ್ಲದ ಅಥವಾ ಸುಳ್ಳು ಗುರುತಿನ ಆಟಿಕೆಯ ಬಗ್ಗೆ ಬಿಐಎಸ್ ಕೇರ್ ಆ್ಯಪಿನಲ್ಲೇ ದೂರು ದಾಖಲಿಸಬಹುದು. ಬ್ಯೂರೋದ ಪಶ್ಚಿಮ ವಲಯದ ಕಚೇರಿ ಅಂಧೇರಿ ಪೂರ್ವದ ಮರೋಳ ಎಂಐಡಿಸಿಯಲ್ಲಿದೆ, ಪುಣೆಯಲ್ಲೂ ಶಾಖೆ ಇದೆ. ಅಂಗಡಿಯವರೋ ಆನ್‌ಲೈನ್ ಮಾರಾಟಗಾರರೋ ಹಣ ಕೊಡಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಒಂದೇ ಮಾಲಿನಿಂದ ಹಲವು ಮನೆಗಳಿಗೆ ಅಪಾಯವಿದೆ ಎಂದಾದರೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಬರೆಯಿರಿ. ಅಪಾಯಕಾರಿ ವಸ್ತುವನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಿರಿ, ಹಣ ಮರಳಿಸಿ ಎಂದು ಆದೇಶ ಮಾಡುವ ಅಧಿಕಾರ ಅದಕ್ಕಿದೆ. ಸೊಸೈಟಿಯ ನಾಲ್ಕೈದು ಮನೆಯವರು ಸೇರಿ ಬರೆದರೆ ಒಂದೇ ಮನೆಯ ದೂರಿಗಿಂತ ಹೆಚ್ಚು ತೂಕ.

ಮಗುವಿಗೆ ಹಾನಿಯಾಗಿ ಪರಿಹಾರ ಕೇಳಬೇಕಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಆಟಿಕೆಯನ್ನು ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಕೊಂಡಿದ್ದರೂ ಡೊಂಬಿವಲಿಯವರು ಠಾಣೆಗೆ ಹೋದರೆ ಸಾಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಕಾಲಾವಧಿ ಎರಡು ವರ್ಷ. ರಕ್ತಪರೀಕ್ಷೆಯ ವರದಿ, ವೈದ್ಯರ ಚೀಟಿ, ಜಿಪ್ ಚೀಲದಲ್ಲಿಟ್ಟ ಆಟಿಕೆ, ಬಿಲ್ಲು ಇವೇ ನಿಮ್ಮ ಸಾಕ್ಷಿ. ಈಗಿನ ಬಿಲ್ಲುಗಳು ಶಾಖದ ಮುದ್ರಣದವು, ಪರ್ಸಿನಲ್ಲಿಟ್ಟರೆ ಕೆಲವು ತಿಂಗಳಲ್ಲೇ ಅಕ್ಷರ ಮಾಸಿ ಬಿಳಿ ಕಾಗದವಾಗುತ್ತವೆ; ಆಟಿಕೆ ಕೊಂಡ ದಿನವೇ ಬಿಲ್ಲಿನ ಫೋಟೊ ತೆಗೆದು, ಡಬ್ಬದ ಮೇಲಿನ ಪರವಾನಗಿ ಸಂಖ್ಯೆಯ ಫೋಟೊದ ಜೊತೆಗೇ ಇಟ್ಟುಕೊಳ್ಳಿ.